ಮಾವ ಮಸೆದ ಕತ್ತಿ

ದೀಪ ಇರಲಿ, ಆರಿಸಬೇಡಿ. ಭಯಕ್ಕಲ್ಲ. ಕಾಯುವ ದೇವರಿರುವಾಗ ನನಗೆಂಥ ಭಯ? ಆದರೆ ಇದನ್ನು ಹೇಳುವಾಗ ಎದುರಿಗಿರುವವರ ಮುಖ ಕಾಣಿಸುತ್ತಿದ್ದರೆ ನನಗೊಂದು ಸಮಾಧಾನ.

ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ನಾನವನನ್ನು ಅಣ್ಣ ಅಂತಲೇ ಕರೆಯುವುದು. ಕ್ಷೌರದ ಅಂಗಡಿ ನಡೆಸುತ್ತಾನೆ. ಆ ರಾತ್ರಿ ಬಾಗಿಲೆಳೆದು, ಮನೆಯಲ್ಲಿ ಕೂತು ಮಸೆಯೋಣ ಅಂತ ಕತ್ತಿಯನ್ನು ಜೇಬಿಗೆ ಹಾಕಿಕೊಂಡು ಹೊರಟ. ಬ್ಲೇಡು ಸಿಕ್ಕಿಸುವ ಕತ್ತಿಯಲ್ಲ. ಮಸೆದು ಮಸೆದು ಹರಿತ ಮಾಡಿಕೊಳ್ಳುವ ಹಳೇ ಕತ್ತಿ. ಮನೆಗೆ ಹೋಗುವ ದಾರಿಯಲ್ಲಿ ಒಂದು ಬಾವಿ ಇದೆ. ಯಾರೂ ನೀರು ಸೇದುವುದಿಲ್ಲ. ಅದರ ಹತ್ತಿರ ಬಂದಾಗ ಕೇಳಿಸಿತು.

ಸಪ್... ಸಪ್... ಸಪ್...

ಅಣ್ಣ ನಿಂತ. ಅದೂ ನಿಂತಿತು. ಒಂದು ಹೆಜ್ಜೆ ಇಟ್ಟ.

ಸಪ್.

ಬೇರೆ ಯಾರಾದರೂ ಆಗಿದ್ದರೆ ಬಾವಲಿ ರೆಕ್ಕೆ ಬಡಿಯಿತು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಅಣ್ಣನಿಗೆ ಆ ಸದ್ದು ಗೊತ್ತು. ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದು, ತುದಿಯಲ್ಲಿ ಮಗುಚಿ, ಮತ್ತೆ ಎಳೆಯುವ ಸದ್ದು. ಮಗುಚುವಾಗ ಹಿಡಿಯಲ್ಲಿ ಒಂದು ಸಣ್ಣ 'ಟಿಕ್'. ಹಾಗೆ ಟಿಕ್ ಅನ್ನಿಸುತ್ತಿದ್ದವರು ಒಬ್ಬರೇ. ಅವನ ಮಾವ. ಹೆಂಡತಿಯ ಅಪ್ಪ. ಅವರನ್ನು ಮಣ್ಣು ಮಾಡಿ ಒಂದು ತಿಂಗಳಾಗಿತ್ತು.

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು. ಆ ಜೀವಕ್ಕೆ ಶಾಂತಿ ಕೊಡಪ್ಪಾ ಅಂತ ದಿನಾ ದೇವರನ್ನು ಬೇಡಿಕೊಳ್ಳುತ್ತೇನೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ... ಮನುಷ್ಯ ವಿಷ. ಕೈ ಮಾತ್ರ ಬಂಗಾರ. ಅಂಗಡಿ ಆಗ ಅವರದ್ದು, ಅಣ್ಣ ಅವರ ಜೊತೆ ಕೆಲಸಕ್ಕಿದ್ದ. ಗಡ್ಡ ತೆಗೆದಾದ ಮೇಲೆ ಒಂದು ಚೂರು ಅರಳೆಯನ್ನು ಗಿರಾಕಿಯ ಕೆನ್ನೆಯ ಮೇಲೆ ಎಳೆಯುತ್ತಿದ್ದರು. ಒಂದೆಳೆಯೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಆಮೇಲೆ ಪಕ್ಕದ ಕುರ್ಚಿಗೆ ಬಂದು, ಅಣ್ಣ ಗಡ್ಡ ತೆಗೆದ ಕೆನ್ನೆಯ ಮೇಲೂ ಎಳೆಯುತ್ತಿದ್ದರು. ಅರಳೆ ಗಲ್ಲಕ್ಕೆಲ್ಲ ಅಂಟಿ ಗಿರಾಕಿ ಮುದುಕನಂತೆ ಕಾಣುತ್ತಿದ್ದ. "ನೋಡ್ರಪ್ಪಾ, ಅಳಿಯಂದಿರು ಗಡ್ಡ ತೆಗೀಲಿಲ್ಲ, ಬಿತ್ತನೆ ಮಾಡಿದ್ದಾರೆ," ಅನ್ನುತ್ತಿದ್ದರು. ಅಂಗಡಿಯೆಲ್ಲ ನಗು. ಹೇಗೆ ಮಾಡಬೇಕು ಅಂತ ಮಾತ್ರ ಒಂದು ದಿನವೂ ಹೇಳಿಕೊಡಲಿಲ್ಲ.

ಅವರು ಹೋದ ಮೇಲೆ ಅಂಗಡಿಯ ಕಟ್ಟಡ ಮಗನ ಪಾಲಿಗೆ ಬಂತು, ಅಂದರೆ ಅಣ್ಣನ ಭಾಮೈದನ ಪಾಲಿಗೆ. ಅಪ್ಪನ ಕಸುಬು ಅಂದರೆ ಅವನಿಗೆ ಮೂಗು ಮುರಿಯುವಷ್ಟು ಅಸಹ್ಯ. ಆ ದಿನ ಸಂಜೆ ಅಂಗಡಿಗೆ ಬಂದು ಬಾಗಿಲಿಗೆ ಒರಗಿ ನಿಂತಿದ್ದ.

"ಏನ್ ಭಾವ, ನಿಮ್ಮ ಕುರ್ಚಿಯಿಂದ ಎದ್ದವರು ಮನೆಗೆ ಹೋಗ್ತಾರೋ, ಸೀದಾ ಆಸ್ಪತ್ರೆಗೋ?"

"ಕೆಲಸದ ಹೊತ್ತು. ಬಂದ ವಿಷಯ ಹೇಳು."

"ಅಂಗಡಿ ಖಾಲಿ ಮಾಡಿ. ಮೊಬೈಲ್ ರಿಪೇರಿಯವನು ಕೇಳ್ತಿದ್ದಾನೆ."

"ಇದನ್ನು ಬಿಟ್ಟು ನನಗೆ ಬೇರೆ ಏನು ಬರುತ್ತೆ?"

"ಇದೂ ಬರಲ್ವಲ್ಲ!" ಅಂತ ನಕ್ಕ. "ಆಯ್ತು, ನಾಳೆ ಸಂಜೆ ನಾನೇ ಕೂತ್ಕೋತೀನಿ. ಅಪ್ಪನ ಪರೀಕ್ಷೆ. ಅರಳೆ ಅಂಟದಿದ್ರೆ ಅಂಗಡಿ ಇಟ್ಕೊಳ್ಳಿ. ಒಂದೆಳೆ ಸಿಕ್ಕಿದ್ರೂ ಮನೇಲಿ ಕೂತು ನಮ್ಮಕ್ಕನ ತಲೆ ಬಾಚಿ."

ಅವನ ಗಡ್ಡ ತಂತಿಯಂಥದ್ದು. ಗಂಟಲ ಮೇಲೆ ಕೂದಲು ಸುಳಿಸುಳಿಯಾಗಿ ಬೆಳೆದಿತ್ತು. ಆ ಸುಳಿಯಲ್ಲಿ ಅಣ್ಣ ಸೋಲುವುದು ಖಂಡಿತ ಅಂತ ಇಬ್ಬರಿಗೂ ಗೊತ್ತಿತ್ತು.

ಬಾವಿಯ ಹತ್ತಿರ ನಿಂತಾಗ ಅಣ್ಣನ ತಲೆಯಲ್ಲಿ ಇದೇ ಓಡುತ್ತಿತ್ತು.

"ಒತ್ತುತ್ತೀಯ," ಅಂದಿತು ಕಟ್ಟೆಯ ಆಚೆಯಿಂದ ಒಂದು ಪಿಸುದನಿ.

"ಮಾವ...?" ಅಂದ ಅಣ್ಣ.

"ಒತ್ತಿದರೆ ಚರ್ಮ ಉಬ್ಬುತ್ತೆ, ಕೂದಲು ಮಲಗುತ್ತೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ. ಅಷ್ಟೂ ತಿಳೀಲಿಲ್ಲ, ಕತ್ತೆ."

"ನೀವು ಹೇಳಿಕೊಡಲಿಲ್ಲ."

"ನೀನು ಕೇಳಲಿಲ್ಲ."

ನಿಜ. ಅಷ್ಟು ಅವಮಾನ ಮಾಡಿದವರ ಮುಂದೆ ಬಾಯಿಬಿಟ್ಟು ಕೇಳುವುದೆಂತು? ಈಗ ಕೇಳಿದ. "ಹೇಳಿಕೊಡಿ ಮಾವ. ನಾಳೆ ಅಂಗಡಿ ಹೋಗುತ್ತೆ."

ಕಟ್ಟೆಯ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟ. ಆಮೇಲೆ...

"ಕತ್ತಿ ಕೊಡು."

ಅವರ ಕಸುಬಿನಲ್ಲಿ ಒಂದು ನೇಮ ಇದೆ. ಬಿಚ್ಚಿದ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಮಡಚಿ ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಸ್ವಂತ ತಮ್ಮನಿಗೂ ಅಷ್ಟೇ. ಕೈಯಾರೆ ಕೊಟ್ಟರೆ ಆ ಕತ್ತಿಯ ಮೇಲೆ ತೆಗೆದುಕೊಂಡವರಿಗೂ ಹಕ್ಕು ಬರುತ್ತದೆ ಅಂತ ನಂಬಿಕೆ. ಅಣ್ಣನಿಗೆ ಅದು ಗೊತ್ತು. ಆದರೆ ಆ ಕ್ಷಣದಲ್ಲಿ ಕತ್ತಿ ಬಿಚ್ಚಿ, ಹಿಡಿ ಮುಂದಾಗಿ, ಕತ್ತಲಿಗೆ ಚಾಚಿಬಿಟ್ಟ. ಯಾವ ಬೆರಳೂ ತಾಗಲಿಲ್ಲ. ಕೈ ಮಾತ್ರ ಹಗುರಾಯಿತು.

ಸಪ್... ಟಿಕ್... ಸಪ್... ಟಿಕ್...

"ಎಡಗೈಯಿಂದ ಚರ್ಮ ಬಿಗಿ ಹಿಡಿ. ಮೊದಲು ಕೂದಲು ಬೆಳೆದ ಕಡೆಗೆ ಹೋಗು. ಆಮೇಲೆ ಅಡ್ಡ. ಕೊನೆಗೆ ಎದುರು. ಪ್ರತಿ ಸಲ ಹೊಸ ನೊರೆ. ಸುಳಿ ಬಂದಾಗ ಕತ್ತಿ ತಿರುಗಿಸಬೇಡ, ಚರ್ಮ ತಿರುಗಿಸು. ಕತ್ತಿಗೆ ಅದರ ತೂಕವೇ ಸಾಕು. ನಿನ್ನ ಸಹಾಯ ಬೇಡ ಅದಕ್ಕೆ."

ಕತ್ತಿ ಕೈಗೆ ವಾಪಸು ಬಂತು. ಮಂಜುಗಡ್ಡೆಯಷ್ಟು ತಣ್ಣಗೆ.

"ನಾಳೆ ನಾನೂ ಬರ್ತೀನಿ."

"ಬೇಡ ಮಾವ, ಇಷ್ಟು ಸಾಕು."

"ಕೈಯಾರೆ ಕೊಟ್ಟಿದ್ದೀಯಲ್ಲ."

ಮರುದಿನ ಸಂಜೆ ಭಾಮೈದ ಸೀಟಿ ಹೊಡೆಯುತ್ತ ಬಂದು ಕುರ್ಚಿಯಲ್ಲಿ ಒರಗಿದ. ಅಣ್ಣ ಬಿಸಿ ಬಟ್ಟೆ ಇಟ್ಟ, ನೊರೆ ಹಚ್ಚಿದ, ಚರ್ಮ ಬಿಗಿ ಹಿಡಿದ. ಕತ್ತಿ ಇಳಿಯಿತು. ಚರ್ರ್... ಚರ್ರ್... ಹೊಸ ಕಾಗದವನ್ನು ನಿಧಾನವಾಗಿ ಹರಿದಂಥ ಸದ್ದು. ಅಣ್ಣನ ಕೈಯಿಂದ ಅಂಥ ಸದ್ದು ಯಾವತ್ತೂ ಬಂದದ್ದಿಲ್ಲ. ಭಾಮೈದನ ಸೀಟಿ ನಿಂತಿತು. ಸುಳಿಯ ಹತ್ತಿರ ಚರ್ಮವನ್ನು ತಿರುಗಿಸಿ ಹಿಡಿದಾಗ ಕತ್ತಿ ನೀರಿನ ಮೇಲೆ ಜಾರಿದ ಹಾಗೆ ಜಾರಿತು.

ಭಾಮೈದ ಅರಳೆಯನ್ನು ತಾನೇ ಎಳೆದುಕೊಂಡ. ಒಂದು ಸಲ. ಇನ್ನೊಂದು ಸಲ. ಅಂಟಲಿಲ್ಲ.

"ಏನೋ ಮೋಸ ಇದೆ ಇದರಲ್ಲಿ," ಅಂದ, ಮುಖ ಸಿಂಡರಿಸಿ. "ಆ ಮುದುಕನಿಗೇ ಬರ್ತಿರಲಿಲ್ಲ ಇಷ್ಟು ನುಣುಪು."

ಅಣ್ಣನ ಕಿವಿಯ ಪಕ್ಕದಲ್ಲಿ ಉಸಿರು. "ಇನ್ನೂ ಇದೆ. ಇನ್ನೊಂದು ಸುತ್ತು."

"ಇಲ್ಲ. ಸಾಕು," ಅಂದ ಅಣ್ಣ. ಕತ್ತಿ ಮಡಚಿದ. ಡ್ರಾಯರಿನಲ್ಲಿಟ್ಟು ದೂಡಿದ. ಟಪ್.

"ಯಾರ ಹತ್ರ ಮಾತಾಡ್ತಿದ್ದೀರಿ?"

ಅಣ್ಣ ಉತ್ತರ ಕೊಡುವ ಮೊದಲೇ...

ಚರ್ರ್...

"ಭಾವ, ಮುಗೀತಲ್ಲ, ಕತ್ತಿ ತೆಗೀರಿ."

"ನನ್ನ ಕೈಲಿಲ್ಲ," ಅಂದ ಅಣ್ಣ. ಎರಡೂ ಕೈ ಎತ್ತಿ ತೋರಿಸಿದ.

ಚರ್ರ್... ಕೆನ್ನೆಯಿಂದ ದವಡೆಗೆ. ಕನ್ನಡಿಯಲ್ಲಿ ಇದ್ದದ್ದು ಇವರಿಬ್ಬರೇ. ಆದರೆ ಭಾಮೈದನ ಗಲ್ಲದ ಮೇಲೆ ಒಂದು ಗುಳಿ ಬಿದ್ದಿತ್ತು, ಯಾರೋ ಹೆಬ್ಬೆರಳಿಟ್ಟು ಚರ್ಮ ಬಿಗಿ ಹಿಡಿದ ಹಾಗೆ. ತಲೆ ತಾನಾಗಿ ಹಿಂದಕ್ಕೆ ಬಾಗಿತು. ಕಣ್ಣು ಮಾತ್ರ ಅಣ್ಣನ ಕಡೆ ತಿರುಗಿತು. ಆ ದವಡೆ ಇನ್ನು ಅವನ ಮಾತು ಕೇಳುತ್ತಿರಲಿಲ್ಲ.

"ಮನೇಲಿ ಮೆಷಿನ್ ಇಟ್ಕೊಂಡು ಕೆರ್ಕೊಂಡ," ಅಂತು ಪಿಸುದನಿ. "ನಾನು ಬದುಕಿದ್ದ ತನಕ ಒಂದು ದಿನಾನೂ ನನ್ನ ಕುರ್ಚೀಲಿ ಕೂರಲಿಲ್ಲ."

ಚರ್ರ್... ಸುಳಿಯ ಅಂಚಿಗೆ ಬಂತು. ಕೂದಲೇ ಇಲ್ಲದ ಜಾಗ. ತೆಗೆಯುವುದಕ್ಕೆ ಇನ್ನೇನು ಉಳಿದಿತ್ತು ಅಲ್ಲಿ?

ಭಾಮೈದನ ಮೇಲೆ ಅಣ್ಣನಿಗೆ ಪ್ರೀತಿ ಇತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. ಆಮೇಲೆ ಅಣ್ಣನೇ ನನ್ನ ಹತ್ತಿರ ಹೇಳಿದ. ಸುಮ್ಮನಿದ್ದುಬಿಡೋಣ ಅನ್ನಿಸಿತಂತೆ, ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಒಳಗಿರುವ ದೇವರು ಎಚ್ಚರಿಸಿದ. ಅಣ್ಣ ಅನ್ನುವುದು ಹಾಗಲ್ಲ, ಕೈ ತಾನಾಗಿ ಹೋಯಿತು ಅನ್ನುತ್ತಾನೆ. ಯಾರು ಕೈ ನಡೆಸಿದ್ದು ಅಂತ ನನಗೆ ಗೊತ್ತು.

ಎಡಗೈಯನ್ನು ಭಾಮೈದನ ಗಂಟಲಿಗೆ ಅಡ್ಡ ಇಟ್ಟ. ಅಂಗೈ ಮೇಲ್ಮುಖವಾಗಿ.

"ಮಾವ, ನಿಮ್ಮ ಮಗ ಇವನು... ದೇವರಾಣೆ, ಬಿಡಿ."

ಸದ್ದು ನಿಲ್ಲಲಿಲ್ಲ. ಅಂಗೈಗೆ ಬಂತು. ಸರ್... ಸರ್... ಸರ್... ನೋವಿಲ್ಲ. ತಣ್ಣಗೆ, ಅಷ್ಟೇ. ಅಣ್ಣ ಕಣ್ಣು ಮುಚ್ಚಿ ಕೈ ಗಟ್ಟಿಯಾಗಿ ಹಿಡಿದೇ ಇದ್ದ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡ, ಒಮ್ಮೆ ಎದುರಾಗಿ... ಎಷ್ಟು ಹೊತ್ತೋ ಅವನಿಗೆ ತಿಳಿಯಲಿಲ್ಲ.

ಟಿಕ್.

ಅಷ್ಟೇ. ಕುರ್ಚಿಯ ಮೇಲೆ ಹೊದೆಸಿದ್ದ ಬಟ್ಟೆಯನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಭಾಮೈದ ರಸ್ತೆಗೆ ಓಡಿದ. ಅವನ ಗಂಟಲ ಮೇಲೆ ಒಂದು ಗೀರೂ ಇರಲಿಲ್ಲ. ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ. ಅಣ್ಣ ಈಗಲೂ ಅಲ್ಲೇ ಕೆಲಸ ಮಾಡುತ್ತಾನೆ. ಗಿರಾಕಿಗಳಿಗೆ ಕಾದು ಕೂರಲು ಬೆಂಚು ಸಾಲದು.

ಮರುದಿನ ಬೆಳಿಗ್ಗೆ ಸುದ್ದಿ ಕೇಳಿ ಮುಲಾಮು, ಬ್ಯಾಂಡೇಜು ಹಿಡಿದುಕೊಂಡು ಹೋದೆ. ಕೈ ತೋರಿಸು ಅಂದೆ. ಸಂಕೋಚಪಟ್ಟುಕೊಂಡು ತೋರಿಸಿದ. ಗಾಯ ಇರಲಿಲ್ಲ. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಬಲ ಅಂಗೈಯಲ್ಲಿ ನಿಮಗೆ, ನನಗೆ ಇರುವ ಹಾಗೇ ಗೆರೆಗಳಿವೆ. ಎಡ ಅಂಗೈಯಲ್ಲಿ ಒಂದೂ ಇಲ್ಲ. ಬಿಳಿ ಪಿಂಗಾಣಿಯಂತೆ ನುಣ್ಣಗೆ. ಮುಷ್ಟಿ ಕಟ್ಟಿಸಿ ಬಿಚ್ಚಿಸಿದೆ, ಮಡಿಕೆಯ ಗುರುತೂ ನಿಲ್ಲಲಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಮಾತ್ರ ನನ್ನ ಈ ಬೆರಳಿಂದಲೇ ಮುಟ್ಟಿ ನೋಡಿದ್ದೇನೆ.