‘ತಕ್ಕದ್ದು’ ಎಂಬ ಪದಕ್ಕೆ ಹಠ ಹಿಡಿದವರು

ಅಕ್ಕನ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಭಾವನವರಿಗೆ, ಅಕ್ಕನ ಮಗಳಿಗೆ — ಏನು ಹೇಳಲಿ?

ಕಾನೂನು ಇಲಾಖೆಯ ಕರಡು ವಿಭಾಗದಲ್ಲಿ ಅಕ್ಕ ಮತ್ತು ನಾನು ಒಂದೇ ಮೇಜಿನ ಆಚೆ ಈಚೆ ಕುಳಿತವರು. ಕಿಟಕಿ ತೆರೆದರೆ ಜನರೇಟರಿನ ಹೊಗೆ, ಮುಚ್ಚಿದರೆ ಸೆಕೆ. ಅಲ್ಲಿ ಕುಳಿತೇ ಅಕ್ಕ ಈ ದೇಶದ ಕಾಡು, ಹಕ್ಕಿ, ಹುಳುಗಳಿಗೆಲ್ಲ ಕಾನೂನು ಬರೆದರು — ಜೀವವೈವಿಧ್ಯ ಕಾಯ್ದೆ. ಕಚೇರಿಯಲ್ಲಿ ಅವರ ಅಡ್ಡಹೆಸರು ‘ತಕ್ಕದ್ದು ಅಕ್ಕ’. ಅಂಗಡಿ ಚೀಟಿಯಲ್ಲೂ ‘ಹಾಲು ತರತಕ್ಕದ್ದು’ ಎಂದೇ ಬರೆಯುತ್ತಿದ್ದರಂತೆ — ಹೌದಲ್ಲವೇ ಭಾವ?

ಆದರೆ ಆ ಹೆಸರು ಬಂದ ಕಥೆ ನಗುವಂಥದ್ದಲ್ಲ. ಸೂಕ್ಷ್ಮ ಪ್ರದೇಶದಲ್ಲಿ ಮರ ಕಡಿಯಲು ಅನುಮತಿ ‘ನಿರಾಕರಿಸತಕ್ಕದ್ದು’ ಎಂದು ಅಕ್ಕ ಬರೆದಿದ್ದರು. ಕರಡು ಮೇಲಿನವರ ಬಳಿ ಹೋಗಿ ಬರುವಷ್ಟರಲ್ಲಿ ಅದು ‘ನಿರಾಕರಿಸಬಹುದು’ ಆಗಿತ್ತು. ಅಕ್ಕ ನೇರ ಮಂತ್ರಿಗಳ ಕೋಣೆಗೇ ನುಗ್ಗಿದರು. ನಾನು ಬಾಗಿಲ ಬಳಿ ನಿಂತಿದ್ದೆ.

“ಒಂದು ಪದಕ್ಕೆ ಇಷ್ಟು ರಂಪ ಯಾಕಮ್ಮಾ?” ಎಂದರು ಮಂತ್ರಿಗಳು.

“ಸಾರ್, ‘ಬಹುದು’ ಅಂದ್ರೆ ಬಾಗಿಲು ತೆಗೆದಿಟ್ಟು ಕಾವಲು ಕಾಯೋದು. ಅದಕ್ಕಿಂತ ಕಾನೂನೇ ಬೇಡ ಬಿಡಿ.”

ಕಾಯ್ದೆ ‘ಬಹುದು’ ಇಟ್ಟುಕೊಂಡೇ ಪಾಸಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಹಳೆ ಕಡತಗಳ ಉಗ್ರಾಣಕ್ಕೆ ವರ್ಗವಾಯಿತು.

ಅವರು ನಿವೃತ್ತರಾದ ಮೇಲೆ ಅಳಿವೆಯ ಕಾಂಡ್ಲಾ ಕಾಡಿಗೆ ಗರಗಸ ಬಿತ್ತು. ಉಪ್ಪುನೀರಿನಲ್ಲೇ ಬೇರೂರುವ ಮರಗಳು, ಮೀನು ಮರಿಮಾಡುವ ಜಾಗ — ಸಿಗಡಿ ಸಾಕುವ ಹೊಂಡಗಳಿಗಾಗಿ ಹೋಗತೊಡಗಿತು. ಅನುಮತಿ ನಿರಾಕರಿಸಬಹುದಿತ್ತು. ಯಾರೂ ನಿರಾಕರಿಸಲಿಲ್ಲ. ಅಲ್ಲಿನ ಮೀನುಗಾರ ಹೆಂಗಸರು ಅಕ್ಕನ ಮನೆ ಹುಡುಕಿಕೊಂಡು ಬಂದರು. ಅಕ್ಕ ಕೋರ್ಟು ಹತ್ತಿದರು — ತಾವೇ ಬರೆದ ಕಾಯ್ದೆಯ ವಿರುದ್ಧ!

“ಇದನ್ನು ಬರೆದವರು ನೀವೇ ಅಲ್ಲವೇ?” ಎಂದು ನ್ಯಾಯಾಧೀಶರು ಕೇಳಿದರು.

“ಹೌದು ಸ್ವಾಮಿ. ಹೆತ್ತವಳು ನಾನೇ. ಹಲ್ಲು ಕಿತ್ತವರು ಬೇರೆ.”

ಲಿಫ್ಟ್ ಕೆಟ್ಟ ಕಟ್ಟಡ, ಮಂಡಿ ನೋವು, ಮುಂದೂಡಿಕೆ — ಮತ್ತೆ ಮುಂದೂಡಿಕೆ. ಕೊನೆಗೂ ಮರ ಕಡಿಯುವುದಕ್ಕೆ ತಡೆಯಾಜ್ಞೆ ಸಿಕ್ಕಾಗ ಅರ್ಧ ಕಾಡು ಹೋಗಿಯಾಗಿತ್ತು. ನಾವಿಬ್ಬರೂ ದೋಣಿಯಲ್ಲಿ ಹೋಗಿ ನೋಡಿದೆವು. ಕೆಸರಿನ ತುಂಬ ಬರೀ ಬುಡಗಳು. ಆಚೆ ದಡದಲ್ಲಿ ಉಳಿದ ಹಸಿರು.

“ಗೆದ್ದಿರಲ್ಲ ಅಕ್ಕಾ” ಎಂದೆ.

“ಗೆಲುವಾ? ಸಾಕಾಗಿದೆ ಕಣಪ್ಪಾ. ಉಳಿದಿರೋದನ್ನ ನೋಡ್ಕೊಳ್ಳೋರು ಯಾರು, ಅದನ್ನ ಹೇಳು.”

ಕಳೆದ ವಾರ ಕೋರ್ಟಿನ ಮೆಟ್ಟಿಲ ಮೇಲೆ ಉಸ್ಸೆಂದು ಕುಳಿತ ಅಕ್ಕ — ಮತ್ತೆ ಏಳಲಿಲ್ಲ.

ಅಮರರು, ಧ್ರುವತಾರೆ ಎಂದೆಲ್ಲ ಹೊಗಳುವ ತ್ರಾಣ ನನಗಿಲ್ಲ, ಕ್ಷಮಿಸಿ. ನಾಳೆ ಬೆಳಿಗ್ಗೆ ತಡೆಯಾಜ್ಞೆ ತೆರವು ಮಾಡಿ ಎಂಬ ಸಿಗಡಿ ಹೊಂಡದವರ ಅರ್ಜಿಯ ವಿಚಾರಣೆ ಇದೆ. ಅಕ್ಕನ ಜಾಗದಲ್ಲಿ ಯಾರಾದರೂ ನಿಲ್ಲಬೇಕು. ಮೀನುಗಾರ ಹೆಂಗಸರು ಆಗಲೇ ಬಸ್ಸು ಹತ್ತಿದ್ದಾರೆ. ನಾನು ಹೋಗುತ್ತೇನೆ. ನನ್ನ ಧೈರ್ಯ ಅಷ್ಟಕ್ಕಷ್ಟೇ — ಆದರೂ ಹೋಗುತ್ತೇನೆ. ಬರುವವರು ಬನ್ನಿ.

ಈಗ — ಆ ಫ್ಯಾನು ನಿಲ್ಲಿಸಿ, ಸದ್ದು ಜಾಸ್ತಿ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಕ್ಕನಿಗೆ ಮಾತು ಕೇಳಿ ಕೇಳಿ ಸಾಕಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿರೋಣ.