ನೀಲಿ ವೈರ್‌ಗೆ ಬೂದು ಸುತ್ತು

ಬೇಕಾದರೆ ದೀಪ ಆರಿಸಿ. ಆದರೆ ಮಧ್ಯೆ ಯಾರೂ ನಗಬೇಡಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗಳು, ಅಂದರೆ ನನ್ನ ತಂಗಿಯ ಮನೆಯಲ್ಲಿ ನಡೆದದ್ದು. ಕೊನೆಯ ರಾತ್ರಿ ನಾನೂ ಅಲ್ಲೇ ಇದ್ದೆ. ನೆನೆಸಿಕೊಂಡರೆ ನನಗೆ ಭಯಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತದೆ, ದನಿ ಏರಿದರೆ ಏನೂ ಅಂದುಕೊಳ್ಳಬೇಡಿ.

ಅವತ್ತು ನನ್ನ ಹೊಲಿಗೆ ಅಂಗಡಿ ಮುಚ್ಚುವಾಗಲೇ ತಡವಾಗಿತ್ತು. ತಂಗಿಯ ಬೀದಿಯ ತಿರುವಿನಲ್ಲಿ ಒಂದು ಬಾವಿ ಇದೆ. ಈಗ ಯಾರೂ ನೀರು ಸೇದುವುದಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಪಕ್ಕ ಬರುತ್ತಿದ್ದೇನೆ... ಟಕ್, ಟಕ್.

ನಿಂತೆ.

ಮತ್ತೆ... ಟಕ್, ಟಕ್. ಬಾವಿಯೊಳಗಿಂದಲ್ಲ. ತಂಗಿಯ ಮನೆಯ ಮೆಟ್ಟಿಲ ಕಡೆಯಿಂದ. ಸಣ್ಣ ಸುತ್ತಿಗೆ, ಸಣ್ಣ ಮೊಳೆ. ಗೋಡೆಗೆ ವೈರಿನ ಕ್ಲಿಪ್ಪು ಹೊಡೆಯುವ ಸದ್ದು. ಎರಡು ಏಟು, ಒಂದು ಉಸಿರು, ಮತ್ತೆ ಎರಡು ಏಟು. ತಂಗಿಯ ಗಂಡ ಹೊಡೆಯುತ್ತಿದ್ದದ್ದೇ ಹಾಗೆ... ಅವನು ಸತ್ತು ವರ್ಷವಾಗುತ್ತ ಬಂದಿತ್ತು.

ಮೊದಲು ಹಿಂದಿನದ್ದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಅವನು ಮನೆಮನೆಗೆ ಇಂಟರ್ನೆಟ್ ಲೈನ್ ಎಳೆಯುವವನು. ಎಲ್ಲೇ ವೈರ್ ಎಳೆದರೂ ಕೊನೆಯಲ್ಲಿ ಒಂದಷ್ಟು ಹೆಚ್ಚಿಗೆ ಬಿಟ್ಟು, ಸುತ್ತಿ, ಕರಿ ಟೇಪು ಕಟ್ಟುತ್ತಿದ್ದ. ಟೇಪಿನ ತುದಿಯನ್ನು ಮಡಚಿ ಬಿಡುತ್ತಿದ್ದ, ನಾಳೆ ಬಿಚ್ಚುವವರ ಉಗುರಿಗೆ ಸಿಗಲಿ ಅಂತ. "ಇಲಿ ಕಡಿದ್ರೆ, ಯಾರಾದ್ರೂ ಕತ್ತರಿಸಿದ್ರೆ, ಎಳ್ಕೊಳ್ಳೋಕೆ ಇರ್ಲಿ" ಅನ್ನುತ್ತಿದ್ದ. ಜೊತೆಯವರು ಅವನಿಗೆ ಸುತ್ತಪ್ಪ ಅಂತಲೇ ಹೆಸರಿಟ್ಟಿದ್ದರು. ಒಳ್ಳೆಯವನೇ. ಆದರೆ ಅಣ್ಣನ ಮುಂದೆ ಮಾತ್ರ ಕೋಲೆಬಸವ. ಅಣ್ಣ ಕೆಳಗಿನ ಮನೆ ಪೂರ್ತಿ ತಾನಿಟ್ಟುಕೊಂಡು ಮಹಡಿಯ ಮೇಲೆ ಒಂದೇ ಒಂದು ಕೋಣೆ ಕೊಟ್ಟಾಗಲೂ ತಲೆಯಾಡಿಸಿ ಸುಮ್ಮನಾದ. ನಾನಾಗಿದ್ದರೆ ಮನೆಯನ್ನು ತಲೆಕೆಳಗೆ ಮಾಡುತ್ತಿದ್ದೆ.

ಇಂಟರ್ನೆಟ್ಟಿನ ಡಬ್ಬಿ ಇರುವುದು ಕೆಳಗೆ, ಆ ಅಣ್ಣನ, ಅಂದರೆ ತಂಗಿಯ ಭಾವನ ನಡುಮನೆಯಲ್ಲಿ. ಅಲ್ಲಿಂದ ಮೆಟ್ಟಿಲ ಗೋಡೆಯ ಮೇಲೆ ಒಂದು ನೀಲಿ ವೈರ್ ತಂಗಿಯ ಕೋಣೆಗೆ ಬರುತ್ತದೆ. ಕಾಯಿಲೆ ಬೀಳುವ ಮುಂಚೆ ಅವನು ಎಳೆದ ಕೊನೆಯ ವೈರ್ ಅದು. ತಂಗಿಯ ಕೆಲಸ ಅಂಥದ್ದು. ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ತುರ್ತು ಕರೆ ತೆಗೆದುಕೊಳ್ಳುತ್ತಾಳೆ. ಯಾರಿಗೋ ಎದೆನೋವು, ಯಾರದೋ ಮಗುವಿಗೆ ಉಸಿರು ಕಟ್ಟಿದೆ... ವಿಳಾಸ ಕೇಳಿಕೊಂಡು ಆಂಬುಲೆನ್ಸ್ ಕಳಿಸಬೇಕು. ನಡುವೆ ಲೈನ್ ಕಡಿದರೆ ಆ ಕಡೆ ಒಂದು ಜೀವವೇ ಹೋಗಬಹುದು.

ತಮ್ಮ ಹೋದ ಮೇಲೆ ಭಾವನಿಗೆ ಆ ಒಂದು ಕೋಣೆಯ ಮೇಲೂ ಕಣ್ಣು ಬಿತ್ತು. ಬಾಯಿಬಿಟ್ಟು ಹೊರಡು ಅನ್ನಲಿಲ್ಲ ಮಹಾನುಭಾವ. ಒಂದು ಸಂಜೆ ಕತ್ತರಿ ತಂದು, ಮೆಟ್ಟಿಲ ಹತ್ತಿರ ಗೇಣುದ್ದ ವೈರ್ ಕತ್ತರಿಸಿ ಜೇಬಿಗೆ ಹಾಕಿಕೊಂಡ.

"ಗೋಡೆ ಅಸಹ್ಯ ಕಾಣುತ್ತಮ್ಮ. ಈಗೆಲ್ಲಾ ವೈ-ಫೈ ಅಲ್ವಾ? ಪಾಸ್‌ವರ್ಡ್ ಕೊಟ್ಟಿದ್ದೀನಲ್ಲ, ಗಾಳೀಲೇ ಬರುತ್ತೆ ತಗೋ."

ಗಾಳೀಲಿ ಬರುತ್ತಂತೆ! ಕೇಳಿದ ನೆಂಟರೆಲ್ಲ "ಸರಿಯಪ್ಪ, ಅವನೇನು ಇಲ್ಲ ಅಂದನಾ?" ಅಂತ ಅವನ ಪರವೇ ನಿಂತರು. ನನಗೆ ಮೈಯೆಲ್ಲ ಉರಿದುಹೋಯಿತು. ನೀವಾದರೂ ಸರಿಯಾಗಿ ತಿಳಿದುಕೊಳ್ಳಿ, ನಾಳೆ ನಿಮಗೂ ಯಾರಾದರೂ ಹೀಗೇ ಟೋಪಿ ಹಾಕಬಹುದು. ಆ ಮನೆಗೆ ಇಂಟರ್ನೆಟ್ ಬರುವುದು ಬೀದಿಯ ಕಂಬದಿಂದ, ತಂತಿಯಲ್ಲೇ. ಡಬ್ಬಿಯಿಂದ ಫೋನಿಗೋ ಕಂಪ್ಯೂಟರಿಗೋ ಹೋಗುವ ಕೊನೆಯ ದಾರಿ ಮಾತ್ರ ಎರಡು ಥರ. ವೈರ್ ಹಾಕಿದರೆ ಕೈ ಹಿಡಿದು ಕರೆದುಕೊಂಡು ಹೋದಂತೆ. ವೈ-ಫೈ ಅಂದರೆ ಕೆಳಗೆ ನಿಂತು ಕೂಗಿದಂತೆ. ಒಂದೇ ಕೋಣೆಯಲ್ಲಿದ್ದರೆ ಚೆನ್ನಾಗಿಯೇ ಕೇಳುತ್ತದೆ. ನಡುವೆ ಕಾಂಕ್ರೀಟು, ಕಬ್ಬಿಣದ ಬೀರು, ದಪ್ಪ ಗೋಡೆ ಬಂದರೆ ಅರ್ಧ ಮಾತು ದಾರಿಯಲ್ಲೇ ಸಾಯುತ್ತದೆ. ತಂಗಿಯ ಕೋಣೆಗೆ ತಲುಪುತ್ತಿದ್ದದ್ದು ಸಿಗ್ನಲ್ಲಿನ ಒಂದೇ ಒಂದು ಗೆರೆ, ಅದೂ ಅದಕ್ಕೆ ಮನಸ್ಸು ಬಂದಾಗ. ಬೇರೆ ಲೈನ್ ಹಾಕಿಸೋಣವೆಂದರೆ ಗೋಡೆಗೆ ತೂತು ಹೊಡೆಯಲು ಭಾವನೇ ಒಪ್ಪಬೇಕು!

ಆ ರಾತ್ರಿಯೇ ಒಂದು ಕರೆ ತುಂಡಾಯಿತು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಡಿ ಅಂತ ಆಫೀಸಿನ ಮೇಲಿನವರು ಹೇಳಿದರು. ಕೆಲಸ ಹೋದರೆ ಹೊಟ್ಟೆಪಾಡಿಗೆ ಅವಳೇ ಬೇರೆಡೆ ಹೊರಡಬೇಕು, ಕೋಣೆಯೂ ಹೋದಂತೆಯೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು... ಭಾವನ ಲೆಕ್ಕ ಅದೇ.

ಬೆಳಿಗ್ಗೆ ತಂಗಿ ಬಾಗಿಲು ತೆಗೆದು ನೋಡಿದರೆ ವೈರ್ ಕೂಡಿತ್ತು. ಎಳೆಗೆ ಎಳೆ ಸೇರಿಸಿ ನೀಟಾಗಿ ಟೇಪು ಸುತ್ತಿತ್ತು. ಅವಳ ಬಾಗಿಲ ಮೇಲೆ ಗಂಡ ಹೆಚ್ಚಿಗೆ ಬಿಟ್ಟಿದ್ದ ವೈರಿನ ಸುತ್ತು ಮಾತ್ರ ಸ್ವಲ್ಪ ಸಣ್ಣದಾಗಿತ್ತು. ನಾನೇ ಯಾರನ್ನೋ ಕಳಿಸಿದ್ದೆ ಅಂದುಕೊಂಡಳಂತೆ. ಭಾವ ಮತ್ತೆ ಕತ್ತರಿಸಿದ. ಅದು ಮತ್ತೆ ಕೂಡಿತು. ಮತ್ತೆ ಕತ್ತರಿಸಿದ, ಮತ್ತೆ ಕೂಡಿತು. ಸುತ್ತು ಕರಗುತ್ತ ಬಂತು. ಒಂದು ದಿನ ಆ ಮನುಷ್ಯ ಬೀದಿಗೆಲ್ಲ ಕೇಳುವ ಹಾಗೆ, "ರಾತ್ರಿ ಹೊತ್ತು ಯಾರನ್ನ ಕರೆಸ್ಕೋತಿದ್ದೀಯ?" ಅಂದ. ಅವನ ನಾಲಿಗೆ ಸೇದಿಹೋಗ. ಇಂಥ ಮಾತು ಆಡಿದವನು ಮನುಷ್ಯನೇ?

ಅವತ್ತು ಸಂಜೆ ತಂಗಿ ನನಗೆ ಫೋನ್ ಮಾಡಿದಳು.

"ಅಕ್ಕಾ, ಇವತ್ತೂ ಕತ್ತರಿಸಿದ್ದಾರೆ. ಸುತ್ತು ಮುಗೀತು. ಇನ್ನು ಅವರಿಗೆ ಎಳ್ಕೊಳ್ಳೋಕೆ ವೈರೇ ಇಲ್ಲ."

"ಯಾರಿಗೇ?"

ಅವಳು ಫೋನ್ ಇಟ್ಟಳು. ಅದಕ್ಕೇ ನಾನು ಅಂಗಡಿ ಮುಚ್ಚಿ ಅವಳ ಮನೆಗೆ ಹೊರಟದ್ದು.

ಈಗ ಬಾವಿಯ ಹತ್ತಿರಕ್ಕೆ ಬನ್ನಿ. ಸದ್ದು ಕೇಳಿ ನಾನು ಓಡಿದೆ. ಮೆಟ್ಟಿಲಿಗೆ ಕಾಲಿಟ್ಟೆ... ಸದ್ದು ನಿಂತಿತು. ಯಾರೂ ಇಲ್ಲ. ನೀಲಿ ವೈರ್ ಕಡಿದು ಎರಡೂ ತುದಿ ಜೋತುಬಿದ್ದಿವೆ. ಅದರ ಪಕ್ಕದಲ್ಲಿ ಹೊಸ ಕ್ಲಿಪ್ಪುಗಳ ಸಾಲು. ಎಲ್ಲ ಖಾಲಿ, ಒಂದರಲ್ಲೂ ವೈರಿಲ್ಲ.

ಮೇಲೆ ತಂಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ನಾನು ಪಿಸುಗುಟ್ಟಿದೆ.

"ಕೆಳಗೆ ಸದ್ದು ಕೇಳ್ತಾ?"

"ದಿನಾ ಕೇಳುತ್ತೆ ಅಕ್ಕ. ಸುಮ್ನೆ ಕೂತ್ಕೋ."

ಅಷ್ಟರಲ್ಲಿ ಕರೆ ಬಂತು. ಪುಟ್ಟ ಹುಡುಗಿಯ ದನಿ, ಹೆಡ್‌ಫೋನಿನಿಂದ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಅಜ್ಜ ಬಿದ್ದಿದ್ದಾರೆ... ಏಳ್ತಾ ಇಲ್ಲ... ಮನೆ ನಂಬರ್... ಅಲ್ಲಿಗೆ ದನಿ ಹರಿದುಹೋಯಿತು. ಇದ್ದ ಒಂದು ಗೆರೆಯೂ ಹೋಯಿತು. ತಂಗಿ "ಪುಟ್ಟಾ, ಪುಟ್ಟಾ" ಅನ್ನುತ್ತಿದ್ದಾಳೆ, ಆ ಕಡೆಯಿಂದ ಏನೂ ಇಲ್ಲ. ಕೆಳಗೆ ಹೋಗಿ ಭಾವನ ಕುತ್ತಿಗೆ ಪಟ್ಟಿ ಹಿಡಿದು ಎಳೆದು ತರೋಣ ಅಂತ ಎದ್ದೆ. ತಂಗಿ ನನ್ನ ಕೈ ಹಿಡಿದಳು.

ಗೋಡೆಯೊಳಗೆ... ಸರ್ರ್... ಸರ್ರ್... ಪೈಪಿನಿಂದ ವೈರ್ ಎಳೆಯುವ ಸದ್ದು. ಕೆಳಗೆ, ಭಾವ ಮಲಗುವ ಕೋಣೆಯ ಕಡೆಯಿಂದ ಶುರುವಾಯಿತು. ಮೆಟ್ಟಿಲು ಹತ್ತಿತು. ಬಾಗಿಲ ಆಚೆ ಬಂದು ನಿಂತಿತು. ಆಮೇಲೆ ಇಕ್ಕಳ ಒತ್ತಿದ ಹಾಗೆ... ಕಟಕ್.

ಕಂಪ್ಯೂಟರಿನ ಪಕ್ಕದಲ್ಲಿ, ವೈರ್ ಸಿಕ್ಕಿಸುವ ಕಡೆಯ ಪುಟ್ಟ ದೀಪ ಹಸಿರಾಯಿತು.

ತಂಗಿ ಆ ನಂಬರಿಗೆ ತಿರುಗಿ ಕರೆ ಮಾಡಿದಳು. ಹುಡುಗಿ ಎತ್ತಿದಳು. "ಪುಟ್ಟಾ, ಮನೆ ನಂಬರ್ ಇನ್ನೊಂದ್ಸಲ ಹೇಳಮ್ಮ." ದನಿ ಗಂಟೆ ಹೊಡೆದ ಹಾಗೆ ಬಂತು. ಆಂಬುಲೆನ್ಸ್ ಹೋಯಿತು, ಅಜ್ಜ ಉಳಿದರು. ಬೆಳಗಾಗುವವರೆಗೆ ನಾವಿಬ್ಬರೂ ಆ ಬಾಗಿಲು ತೆಗೆಯಲಿಲ್ಲ.

ಬೆಳಿಗ್ಗೆ ಕೆಳಗೆ ಭಾವನ ಕೂಗಾಟ. ಮಲಗುವ ಕೋಣೆಯ ಟೀವಿಗೆ ಇಂಟರ್ನೆಟ್ ಇಲ್ಲ. ಅದಕ್ಕೆ ಗೋಡೆಯೊಳಗಿನ ಪೈಪಿನಲ್ಲಿ ಬೂದು ಬಣ್ಣದ ವೈರ್ ಹಾಕಿಸಿಕೊಂಡಿದ್ದ. ನೋಡಿ, ತನಗೆ ವೈರೇ ಬೇಕು, ತಮ್ಮನ ಹೆಂಡತಿಗೆ ಮಾತ್ರ ಗಾಳಿ! ಗೋಡೆಯಲ್ಲಿ ಆ ಪೈಪಿನ ಎರಡೂ ತುದಿಯ ಮುಚ್ಚಳಗಳ ಮೇಲೆ ಬಣ್ಣ ಬಳಿದಿತ್ತು. ಬಣ್ಣ ಒಂದಿಷ್ಟೂ ಬಿರಿದಿರಲಿಲ್ಲ. ಅವನೇ ನನ್ನ ಕಣ್ಣೆದುರು ಚಾಕುವಿನಿಂದ ಕೆರೆದು ಬಿಚ್ಚಿದ. ಒಳಗೆ ಖಾಲಿ ಪೈಪು.

ಮೆಟ್ಟಿಲ ಹತ್ತಿರ ಬಂದ. ಹೊಸ ಕ್ಲಿಪ್ಪುಗಳಲ್ಲಿ ಬೂದು ವೈರ್ ಮೇಲೆ ಹೋಗಿತ್ತು, ಮೇಲೆ ನೀಲಿಗೆ ಕೂಡಿತ್ತು. ಕತ್ತರಿ ಅವನ ಕೈಯಲ್ಲೇ ಇತ್ತು. ಕೈ ಮೇಲೇಳಲಿಲ್ಲ.

ನಾನು ಬಿಡುತ್ತೇನೆಯೇ? "ಹೋಗ್ಲಿ ಬಿಡಿ. ನಿಮಗೆ ವೈ-ಫೈ ಇದೆಯಲ್ಲ, ಗಾಳೀಲೇ ಬರುತ್ತೆ" ಅಂದೆ.

ತಂಗಿ ನಗಲಿಲ್ಲ. ಬೂದು ವೈರ್ ಮೇಲೆ ಬೆರಳಾಡಿಸುತ್ತ, "ಬದುಕಿದ್ದಾಗ ಅಣ್ಣನ ಮನೇದು ಒಂದು ಗುಂಡುಸೂಜಿನೂ ಮುಟ್ಟಿದವರಲ್ಲ ಅಕ್ಕ" ಅಂದಳು. ಅವನು ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಬದುಕಿದ್ದಾಗಲೇ ಒಂದು ಸಲ ಹೀಗೆ ಎದುರು ನಿಂತಿದ್ದರೆ ಏನಾಗುತ್ತಿತ್ತೋ ಮಾರಾಯ, ಅಂತ ನನಗೆ ಅವನ ಮೇಲೂ ಸಿಟ್ಟು ಬಂತು. ಇವತ್ತಿಗೂ ಇದೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ತಂಗಿ ಈಗಲೂ ಅದೇ ಕೋಣೆಯಲ್ಲಿದ್ದಾಳೆ. ಅವಳ ಬಾಗಿಲ ಮೇಲೆ ಬೂದು ವೈರಿನ ಹೊಸ ಸುತ್ತೊಂದು ತೂಗುತ್ತಿದೆ. ಕರಿ ಟೇಪು ಕಟ್ಟಿದೆ. ತುದಿ ಮಡಚಿದೆ.