ದನದ ಕೊಟ್ಟಿಗೆಯಲ್ಲಿ ಕಲಿತ ಅಳು

ಪ್ರಿಯರೇ, ಅಮೆರಿಕದ ಹಳ್ಳಿಗಾಡಿನಲ್ಲಿ, ಆಮಿಶರೆಂಬ ಜನರ ನಡುವೆ ಒಬ್ಬ ಸಿರಿವಂತ ರೈತನಿದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನಿಗೆ ಖುಷಿಯಾಗಿಬಿಡುತ್ತದೆ. ಯಾಕೆ ಅನ್ನುವುದು ಕಥೆ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ಆಮಿಶರು ಯಾರು? ನಮ್ಮ ಹಾಗೆ ಕ್ರೈಸ್ತರೇ. ಆದರೆ ಮನೆಗೆ ಕರೆಂಟು ಎಳೆಸುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಎಲ್ಲರದೂ ಒಂದೇ ತರಹದ ಸಾದಾ ಬಟ್ಟೆ. ಯಾಕೆ? ಯಾರೂ ಎದ್ದು ಕಾಣಬಾರದು. ನೋಡಿ, ಎದ್ದು ಕಾಣಬಾರದು! ನಾನೋ, ನಿಮ್ಮ ಪಾದ್ರಿ, ಈ ಬಿಳಿ ನಿಲುವಂಗಿಯನ್ನು ಇಸ್ತ್ರಿಯವನಿಗೆ ಎರಡು ಸಲ ವಾಪಸು ಕಳಿಸಿ ಹಾಕಿಕೊಂಡು ಬಂದವನು. ಇರಲಿ.

ಅವರಿಗೆ ಚರ್ಚಿನ ಕಟ್ಟಡವಿಲ್ಲ. ಹದಿನೈದು ದಿನಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಆರಾಧನೆ. ಬೆಂಚುಗಳು ಗಾಡಿ ಏರಿ ಮನೆಯಿಂದ ಮನೆಗೆ ಹೋಗುತ್ತವೆ. ಬೋಧಕನಿಗೆ ಸಂಬಳವೂ ಇಲ್ಲ. ಬೋಧಕ ತೀರಿಕೊಂಡರೆ ಸಭೆಯವರು ತಮ್ಮೊಳಗಿನ ಒಬ್ಬನ ಹೆಸರನ್ನು ಹಿರಿಯರ ಕಿವಿಯಲ್ಲಿ ಹೇಳುತ್ತಾರೆ. ಮೂರು ಜನರ ಬಾಯಲ್ಲಿ ಹೆಸರು ಬಂದವರೆಲ್ಲ ಮುಂದೆ ಕೂರಬೇಕು. ಎಷ್ಟು ಜನರೋ ಅಷ್ಟೇ ಹಾಡಿನ ಪುಸ್ತಕ, ಒಂದರಲ್ಲಿ ಮಾತ್ರ ಚೀಟಿ. ಚೀಟಿ ಸಿಕ್ಕವನು ಸಾಯುವ ತನಕ ಬೋಧಕ. ಆ ಕೆಲಸವನ್ನು ಯಾರೂ ಬಯಸುವಂತಿಲ್ಲ. ಬಯಸಿದನೆಂದು ಗೊತ್ತಾದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಚೀಟಿ ಸಿಕ್ಕವನು, ಇಷ್ಟು ದೊಡ್ಡ ಭಾರ ನನ್ನ ಮೇಲೆ ಬಿತ್ತಲ್ಲ ಎಂದು ಅಳುತ್ತಾನೆ.

ನಮ್ಮ ಸಿರಿವಂತನಿಗೆ ಅದು ಬೇಕಾಗಿತ್ತು. ಬಹಳ ಬೇಕಾಗಿತ್ತು. ಸುತ್ತಮುತ್ತ ತನ್ನಷ್ಟು ವಿನಯವಂತ ಯಾರೂ ಇಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು. ಲಾಯದಲ್ಲಿ ಒಳ್ಳೆಯ ಕುದುರೆಗಳಿದ್ದರೂ ಗಾಡಿಗೆ ಮುದಿ ಕುದುರೆಯನ್ನೇ ಕಟ್ಟುತ್ತಿದ್ದ, ಎಲ್ಲರೂ ನೋಡಲಿ ಎಂದು. ಹಳೆಯ ಬೋಧಕರನ್ನು ಮಣ್ಣು ಮಾಡಿ ಬಂದ ಮರುದಿನದಿಂದಲೇ ಅವನು ದನದ ಕೊಟ್ಟಿಗೆಯಲ್ಲಿ ನಿಂತು ಅಳುವುದನ್ನು ಅಭ್ಯಾಸ ಮಾಡತೊಡಗಿದ.

ನಗಬೇಡಿ. ನನ್ನ ದೀಕ್ಷೆಯ ದಿನ ನಾನೂ ಗದ್ಗದಿತನಾಗಿದ್ದೆನಲ್ಲ? ಅದಕ್ಕೆ ಹಿಂದಿನ ವಾರವೆಲ್ಲ ಕನ್ನಡಿಯ ಮುಂದೆ ನಿಂತಿದ್ದೆ.

ಒಂದು ಬೆಳಿಗ್ಗೆ ಅವನ ಹೆಂಡತಿ ಲೊವೀನಾ ಹಾಲಿನ ಬಕೆಟ್ಟು ಹಿಡಿದು ಬಂದಳು. ಅವರ ಭಾಷೆ ನನಗೆ ಬಾರದು, ನಮ್ಮ ಗದಗಿನ ಮಾತಿನಲ್ಲೇ ಆಡಿಸುತ್ತೇನೆ.

"ಏನ್ರೀ, ದನಾ ಯಾಕ ಹಿಂಗ ಗಾಬರಿ ಆಗ್ಯಾವು?"

"ಏನಿಲ್ಲ, ಪ್ರಾರ್ಥನಾ ಮಾಡಾಕತ್ತಿದ್ದೆ."

"'ನಾ ಯೋಗ್ಯ ಅಲ್ಲ, ನಾ ಯೋಗ್ಯ ಅಲ್ಲ' ಅಂತ ಹದಿನಾರು ಸಲ ಅಂದ್ರಿ. ದೇವ್ರಿಗೆ ಕಿವಿ ಚಲೋ ಅದಾವ್ರೀ."

ಆ ಭಾನುವಾರ ಬಂತು. ಐದು ಜನ ಮುಂದೆ ಕೂತರು, ಎದುರಿಗೆ ಐದು ಪುಸ್ತಕ. ಸಿರಿವಂತನ ಪಕ್ಕದಲ್ಲಿ ಎನೋಸ್, ಕುದುರೆಯ ಲಗಾಮು ಹೊಲಿಯುವವನು, ನಾಲ್ಕು ಜನರ ಮುಂದೆ ನಿಂತರೆ ಬೆವರುವವನು. ಸಿರಿವಂತನ ಕೈ ಎರಡನೆಯ ಪುಸ್ತಕದತ್ತ ಹೋಯಿತು. ತಕ್ಷಣ ಹಿಂದೆ ಬಂತು. ಮೊದಲು ಕೈ ಚಾಚಿದರೆ ಜನ ಏನೆಂದಾರು? ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಎನೋಸಾ, ನೀ ಮೊದಲ ತಗೊಳಪ್ಪಾ. ನಾ ಕಡೀಗೆ."

ಎನೋಸ್ ಅದೇ ಎರಡನೆಯ ಪುಸ್ತಕ ತೆಗೆದುಕೊಂಡ. ಚೀಟಿ ಅದರಲ್ಲಿತ್ತು.

ಎನೋಸನಿಗೆ ಅಳುವುದಕ್ಕೂ ಆಗಲಿಲ್ಲ, ಮುಖ ಬಿಳಿಚಿಕೊಂಡು ಕೂತ. ಅತ್ತವನು ಯಾರು? ನಮ್ಮ ಸಿರಿವಂತ! ಕೊಟ್ಟಿಗೆಯಲ್ಲಿ ಎಷ್ಟು ಹಿಂಡಿದರೂ ಬಾರದ ಕಣ್ಣೀರು ಈಗ ತಾನಾಗಿಯೇ ಧಾರಾಕಾರ ಸುರಿಯಿತು. ತನಗೆ ಸಿಗಲಿಲ್ಲವಲ್ಲ! ಸುತ್ತಲಿದ್ದವರು, "ನೋಡ್ರಿ, ಮಂದಿ ಭಾರಕ್ಕ ಹೆಂಗ ಅಳಾಕತ್ತಾನ, ಎಂಥಾ ಕರುಳು!" ಎಂದು ಕಣ್ಣೊರೆಸಿಕೊಂಡರು. ಚೀಟಿ ಸಿಗದಿದ್ದರೂ ಬಯಸಿದ್ದ ಹೊಗಳಿಕೆ ಸಿಕ್ಕಿತು. ಸುಮ್ಮನಿದ್ದುಬಿಟ್ಟಿದ್ದರೆ ಅದು ಸಾಯುವ ತನಕ ಅವನದೇ ಆಗಿರುತ್ತಿತ್ತು.

ಆದರೆ ಮರುದಿನ ಎನೋಸ್ ಅವನ ಮನೆಗೇ ಬಂದ. "ಯಣ್ಣಾ, ನನ್ನ ಸಲುವಾಗಿ ಅತ್ತಾಂವ ನೀ ಒಬ್ಬನ. ನಿನ್ನಂಥಾ ಒಳ್ಳೇ ಮನಶ್ಯಾನ ಮುಂದ ನಿಂತು ನಾ ಏನ್ ಹೇಳ್ಲಿ? ಆಗಂಗಿಲ್ಲ ಅಂತ ಹಿರಿಯಾರಿಗೆ ಹೇಳಿಬಿಡ್ತೀನಿ."

ಸಿರಿವಂತನ ಮುಂದೆ ಎರಡು ದಾರಿ. ಬೆನ್ನು ತಟ್ಟಿ ಕಳಿಸಬಹುದು, ಒಳ್ಳೆಯವನೆಂಬ ಹೆಸರು ಉಳಿಯುತ್ತದೆ. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ. ಕೊನೆಗೆ ಬಾಯಿಬಿಟ್ಟ: "ತಮ್ಮಾ, ನಿನ್ನ ಸಲುವಾಗಿ ಅಳಲಿಲ್ಲೋ. ನನಗ ಸಿಗಲಿಲ್ಲ ಅಂತ ಅತ್ತೆ."

ಎನೋಸ್ ಅವನನ್ನೇ ನೋಡಿದ. ನಿಧಾನಕ್ಕೆ ಮುಖಕ್ಕೆ ರಕ್ತ ಬಂತು. "ಹೌದೇನ? ನೀವೆಲ್ಲಾರೂ ಭಾಳ ಒಳ್ಳೇರು ಅಂತ ಹೆದರಿದ್ದೆ. ಇಂಥಾ ಮಂದೀಗಾದ್ರ ನಾನೂ ಹೇಳಬಹುದು ಬಿಡು."

ಮುಂದಿನ ಆರಾಧನೆಯಲ್ಲಿ ಸಿರಿವಂತ ಎಲ್ಲರೆದುರು ಮೊಣಕಾಲೂರಿ ತಪ್ಪೊಪ್ಪಿಕೊಂಡ. ಅವರಲ್ಲಿ ಒಂದು ಕಟ್ಟಳೆ ಇದೆ: ಒಪ್ಪಿಕೊಂಡು ಕ್ಷಮೆ ಸಿಕ್ಕ ತಪ್ಪನ್ನು ಆಮೇಲೆ ಯಾರೂ ಎತ್ತಿ ಆಡಬಾರದು. ಹಾಗಾಗಿ ಬೈಯುವವರೂ ಇಲ್ಲ, ಎಂಥಾ ವಿನಯ ಎಂದು ಹೊಗಳುವವರೂ ಇಲ್ಲ! ಊಟದ ಹೊತ್ತಿನಲ್ಲಿ ಅವನು ಕಿವಿ ನಿಮಿರಿಸಿ ಕಾದ. ಒಬ್ಬರೂ ಒಂದು ಮಾತು ಆಡಲಿಲ್ಲ. ಕೊನೆಗೆ ಯಾರೋ ಕೂಗಿದರು, "ಏ, ಬೆಂಚು ಗಾಡಿಗೆ ಏರಿಸಾಕ ಬಾ." ಹೋಗಿ ಎತ್ತಿದ.

ಪ್ರಿಯರೇ, ಈಗ ನಮ್ಮ ಸರದಿ. ಕಳೆದ ತಿಂಗಳ ವಾರ್ಷಿಕ ಕೂಟದಲ್ಲಿ ನನಗೆ ಶಾಲು ಹೊದಿಸಲು ಬಂದಾಗ ನಾನು ಬೇಡ ಬೇಡ ಎಂದು ಮೂರು ಸಲ ಕೈಯಾಡಿಸಿದೆ, ನೆನಪಿದೆಯೇ? ನಮ್ಮ ಕಾರ್ಯದರ್ಶಿಗಳು ಸಾಧು ಮನುಷ್ಯ, ನಂಬಿಬಿಟ್ಟರು! ಶಾಲನ್ನು ನಮ್ಮ ಚರ್ಚಿನ ಗಂಟೆ ಬಾರಿಸುವ ದಾನಪ್ಪನವರಿಗೆ ಹೊದಿಸಿದರು. ನಾನು ಮನೆಗೆ ಹೋಗಿ ಊಟ ಬಿಟ್ಟೆ. ಹೆಂಡತಿಗೆ ಉಪವಾಸ ಎಂದೆ.

ದಾನಪ್ಪನವರೇ, ಆ ದಿನ ನನಗೆ ಹೊಟ್ಟೆ ಉರಿಯಿತು. ಕ್ಷಮಿಸಿ.

ನೀವೂ ಇಷ್ಟು ಮಾಡಿ. ಮನಸ್ಸಿಗೆ ಬೇಕಾದದ್ದನ್ನು ಬಾಯಲ್ಲಿ ಬೇಡ ಅನ್ನಬೇಡಿ. ಇನ್ನೊಬ್ಬರಿಗೆ ಸಿಕ್ಕಾಗ ಹೊಟ್ಟೆ ಉರಿದರೆ ಅವರ ಹತ್ತಿರವೇ ಹೋಗಿ ಹೇಳಿ; ಅವರಿಗೂ ಧೈರ್ಯ ಬರುತ್ತದೆ. ಮತ್ತೆ, ಯಾರೂ ನೋಡದ ಒಂದು ಕೆಲಸಕ್ಕೆ ವಾರಕ್ಕೊಮ್ಮೆಯಾದರೂ ಕೈ ಹಾಕಿ. ಆರಾಧನೆ ಮುಗಿದ ಮೇಲೆ ಇಲ್ಲಿಯ ಬೆಂಚುಗಳನ್ನು ಯಾರು ಎತ್ತಿಡುತ್ತಾರೆ? ನಾನು ಬಾಗಿಲಲ್ಲಿ ನಿಂತು ನಿಮ್ಮ ಕೈಕುಲುಕುತ್ತಿರುವಾಗ ದಾನಪ್ಪನವರು ಒಬ್ಬರೇ ಎತ್ತುತ್ತಾರೆ. ಇವತ್ತು ಒಂದು ತುದಿ ನಾನು ಹಿಡಿಯುತ್ತೇನೆ. ದಯವಿಟ್ಟು ಯಾರೂ ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ. ತೆಗೆದರೆ, ನನಗೊಂದು ಕಳಿಸಿ ಎಂದು ಕೇಳುವವನು ನಾನೇ.